ಕತ್ತಲಲ್ಲಿ ಕಣ್ಣು ಕಟ್ಟುವ ಬೆಳಕು



ರಾತ್ರಿ ಗದ್ದೆಗೆ ನೀರು ಕಟ್ಟಲು ಹೊರಟವರನ್ನು ಕಳುಹಿಸಿ ಬಾಗಿಲಲ್ಲಿ ನಿಲ್ಲುವುದು ನಮ್ಮ ಜವಳಗೇರಾದ ಹೆಣ್ಣುಮಕ್ಕಳಿಗೆ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದಾಗ ಹಗಲು ರಾತ್ರಿ ಎನ್ನುವಂತಿಲ್ಲ. ಮಲ್ಪೆಯ ಮೀನುಗಾರಿಕಾ ಬೋಟಿನಲ್ಲಿ ದುಡಿಯುವ ನನ್ನ ತಂಗಿಯ ಮಗ ಮಳೆಗಾಲದ ರಜೆಗೆ ಬಂದಿದ್ದಾಗ, ಮೊಬೈಲ್ ನೋಡುತ್ತಲೇ ಅಂಗಳಕ್ಕಿಳಿದ ತಮ್ಮನನ್ನು ತಡೆದ. "ಸ್ವಲ್ಪ ನಿಲ್ಲು. ಈಗ ಕಾಲಬಳಿ ಹಾವಿದ್ದರೂ ನಿನಗೆ ಕಾಣುವುದಿಲ್ಲ" ಎಂದ.

"ಯಾಕಪ್ಪಾ, ಕೈಯಲ್ಲಿ ಬೆಳಕಿದೆಯಲ್ಲ?" ಎಂದೆ.

"ಆ ಬೆಳಕೇ ತೊಂದರೆ ಖಾಲಾ" ಎಂದು ನಕ್ಕ.

ಅವನ ಮಾತಿನಲ್ಲಿ ಅರ್ಥವಿದೆ. ಕತ್ತಲಲ್ಲಿ ನೋಡಲು ನಮ್ಮ ಕಣ್ಣಿನಲ್ಲಿ ಬೇರೆಯೇ ಕೋಶಗಳಿವೆ. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವಸ್ತು ಪ್ರಖರ ಬೆಳಕಿಗೆ ಕ್ಷಣದಲ್ಲಿ ಕರಗುತ್ತದೆ. ಮತ್ತೆ ಕೂಡಿಕೊಳ್ಳಲು 20ರಿಂದ 30 ನಿಮಿಷ ಬೇಕು.

ಆದ್ದರಿಂದಲೇ ರಾತ್ರಿ ಹಡಗು ನಡೆಸುವವರ ಕೋಣೆಯಲ್ಲಿ ದೀಪ ಆರಿಸಿರುತ್ತಾರೆ. ಎದುರಿಗೆ ಬರುವ ಸಣ್ಣ ದೋಣಿಯ ಮಿಣುಕು ದೀಪ ಕಾಣದಿದ್ದರೆ ಜೀವಕ್ಕೇ ಅಪಾಯ. ಆದರೆ ದಾರಿ ತೋರಿಸುವ ಕಂಪ್ಯೂಟರ್ ಪರದೆಯನ್ನು ಆರಿಸುವಂತಿಲ್ಲ. ಸಾಧಾರಣ ಮಾನಿಟರಿನ ಪೂರ್ಣ ಬೆಳಕು ಚದರ ಮೀಟರಿಗೆ ಸುಮಾರು 250ರಿಂದ 300 ಕ್ಯಾಂಡೆಲಾ. ಎಷ್ಟೇ ತಗ್ಗಿಸಿದರೂ ಕತ್ತಲ ಸಮುದ್ರದಲ್ಲಿ ಅದು ಕಣ್ಣು ಕುಕ್ಕುತ್ತದೆ. ಪರದೆಯಲ್ಲಿ ಕಪ್ಪು ಬಣ್ಣ ಬಂದರೂ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಹಡಗಿಗೆಂದೇ ತಯಾರಾದ ಮಾನಿಟರುಗಳು 1 ಕ್ಯಾಂಡೆಲಾಗಿಂತಲೂ ಕೆಳಗಿಳಿಯುತ್ತವೆ. ನಕ್ಷೆಗೂ ಹಗಲು, ಮುಸ್ಸಂಜೆ, ರಾತ್ರಿಗೆ ಬೇರೆ ಬೇರೆ ಬಣ್ಣಗಳಿರುತ್ತವೆ. ಅವು ದುಬಾರಿ. ಹಾಗಾಗಿ ಸಣ್ಣ ಬೋಟಿನವರು ಸಾಧಾರಣ ಪರದೆಯ ಮೇಲೆ, ಹಗಲು ತೆಗೆದಿಡಬಹುದಾದ ಕಪ್ಪು ಹಾಳೆ ಹೊದಿಸುವುದುಂಟು. ಕೆಂಪು ಹಾಳೆಯೂ ಆಗುತ್ತದೆ. ಮಂದವಾದ ಕೆಂಪು ಬೆಳಕು ಕತ್ತಲ ದೃಷ್ಟಿಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಆದರೆ ನಕ್ಷೆಯ ಬಣ್ಣಗಳ ವ್ಯತ್ಯಾಸ ಆಗ ತಿಳಿಯದು.

ಸಮುದ್ರದ ಈ ಪಾಠ ನಮ್ಮ ಅಂಗಳಕ್ಕೂ ಸಲ್ಲುತ್ತದೆ. ಗದ್ದೆಗೆ ಹೊರಡುವವರು ಕೆಲ ಹೊತ್ತು ಮೊದಲೇ ಮೊಬೈಲ್ ಬದಿಗಿಡಲಿ. ನೋಡಲೇಬೇಕಾದರೆ ಬೆಳಕು ತೀರ ತಗ್ಗಿಸಲಿ. ಈಗಿನ ಅನೇಕ ಫೋನುಗಳಲ್ಲಿ 'ಎಕ್ಸ್‌ಟ್ರಾ ಡಿಮ್' ಎಂಬ ಸೌಲಭ್ಯವಿದೆ. ಹಾಗೆಂದು ಟಾರ್ಚ್ ಬಿಟ್ಟು ಹೋಗುವುದು ಬೇಡ. ಅದರ ಬೆಳಕು ಮುಖಕ್ಕಲ್ಲ, ಹೆಜ್ಜೆ ಇಡುವ ನೆಲಕ್ಕೆ ಬೀಳಲಿ.

ಇನ್ನೊಂದು ಮಾತು. ರೊಡಾಪ್ಸಿನ್ ತಯಾರಾಗಲು 'ಎ' ಜೀವಸತ್ವ ಬೇಕು. ಅದು ಕಡಿಮೆಯಾದರೆ ಇರುಳುಗುರುಡು ಬರುತ್ತದೆ. ನುಗ್ಗೆಸೊಪ್ಪು, ಗಜ್ಜರಿ, ಪಪ್ಪಾಯಿ ನಮ್ಮ ಅಡುಗೆಮನೆಗೆ ದೂರದವಲ್ಲ. ಮುಸ್ಸಂಜೆಯಾದೊಡನೆ ಮಗು ಎಡವತೊಡಗಿದರೆ "ನೋಡಿ ನಡೆಯಲು ಬರುವುದಿಲ್ಲವೇ?" ಎಂದು ಗದರುವ ಮೊದಲು ವೈದ್ಯರಿಗೆ ತೋರಿಸಿ.

ಆ ರಾತ್ರಿ ಅಣ್ಣ ತಮ್ಮ ಇಬ್ಬರೂ ದೀಪ ಆರಿಸಿ ಕಟ್ಟೆಯ ಮೇಲೆ ಕೂತರು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆಯೇ ಗದ್ದೆಯ ದಾರಿ ಹಿಡಿದರು. ನಿಮ್ಮ ಮನೆಯವರನ್ನೂ ಹೀಗೆ ತುಸು ಹೊತ್ತು ಕೂರಿಸಿ ಕಳುಹಿಸಿ.