ತರಗತಿ ಎಲ್ಲೇ ಇರಲಿ, ತಕ್ಕಡಿ ಜೊತೆಗಿರಲಿ

ಸಾರ್ವಜನಿಕರ ತೆರಿಗೆ ಹಣದಲ್ಲಿ ಎಲ್ಲ ಮಕ್ಕಳಿಗೂ ಉಚಿತ ಶಾಲಾಪೂರ್ವ ಶಿಕ್ಷಣ ಬೇಕೆ? ಬೇಕಾದರೆ ಎಲ್ಲಿ? ಎಲ್.ಕೆ.ಜಿ., ಯು.ಕೆ.ಜಿ. ತರಗತಿಗಳನ್ನು ಸರ್ಕಾರಿ ಶಾಲೆಗಳಲ್ಲಿ ತೆರೆಯುವುದನ್ನು ವಿರೋಧಿಸಿ 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಪ್ರತಿಭಟಿಸಿದಾಗ ಈ ಚರ್ಚೆ ನಮ್ಮ ರಾಜ್ಯದಲ್ಲೂ ಕಾವೇರಿತು.

ಇಂಥ ಚರ್ಚೆಯಲ್ಲಿ ಅಕ್ಷರ, ಇಂಗ್ಲಿಷ್, ಖರ್ಚಿನ ಮಾತು ಬಹಳ. ಆರೋಗ್ಯದ ಮಾತು ಕಡಿಮೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು ಮಾತ್ರ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳುವಳಿಕೆ, ಅಗತ್ಯವಿದ್ದರೆ ಆಸ್ಪತ್ರೆಗೆ ಕಳಿಸುವುದು ಉಳಿದ ಐದು. ರಕ್ತಹೀನತೆಯಿಂದ ಬಳಲುವ ಮಗು ಪಾಠದಲ್ಲಿ ಮಂಕಾಗಿರುತ್ತದೆ; ಅದಕ್ಕೆ ಬೇಕಾದುದು ಬೈಗುಳವಲ್ಲ, ಚಿಕಿತ್ಸೆ. ತೂಕ ಏರದಿರುವುದು ತಾಯಿಯ ಕಣ್ಣಿಗಿಂತ ಮೊದಲು ತಕ್ಕಡಿಗೆ ತಿಳಿಯುತ್ತದೆ.

ಖರ್ಚು ವ್ಯರ್ಥ ಎನ್ನುವವರು ಅಮೆರಿಕದ ಪೆರಿ ಅಧ್ಯಯನವನ್ನು ಗಮನಿಸಬೇಕು. 1962ರಲ್ಲಿ ಮಿಷಿಗನ್ ರಾಜ್ಯದಲ್ಲಿ ಆರಂಭವಾದ ಈ ಅಧ್ಯಯನ 123 ಬಡ ಮಕ್ಕಳ ಬದುಕನ್ನು ನಲವತ್ತನೆಯ ವಯಸ್ಸಿನಲ್ಲೂ ಪರಿಶೀಲಿಸಿತು. ಶಿಶುವಿಹಾರಕ್ಕೆ ಹೋದವರ ಸಂಪಾದನೆ ಹೋಗದವರಿಗಿಂತ ಹೆಚ್ಚಿತ್ತು. ಆದರೆ ಅಲ್ಲಿದ್ದವರು ತರಬೇತಾದ ಶಿಕ್ಷಕಿಯರು. ವಾರಕ್ಕೊಮ್ಮೆ ಮಕ್ಕಳ ಮನೆಗೂ ಹೋಗುತ್ತಿದ್ದರು. ಬರೀ ಕೊಠಡಿ ತೆರೆದರೆ ಆ ಫಲ ಸಿಗದು.

ಆದ್ದರಿಂದ ತರಗತಿ ಎಲ್ಲೇ ನಡೆಯಲಿ, ಉಳಿದ ಐದು ಸೇವೆಗಳೂ ಮಗುವಿಗೆ ತಪ್ಪಬಾರದು. ಪಾಲಕರೇ, ಮಗುವನ್ನು ಸೇರಿಸುವ ಮುನ್ನ ಕೇಳಿ: ಊಟ ಸಿಗುತ್ತದೆಯೇ? ತಿಂಗಳಿಗೊಮ್ಮೆ ತೂಕ ನೋಡುತ್ತಾರೆಯೇ? ಐದರಿಂದ ಆರು ವರ್ಷದೊಳಗೆ ಕೊಡಬೇಕಾದ ಡಿ.ಪಿ.ಟಿ. ಬೂಸ್ಟರ್ ಚುಚ್ಚುಮದ್ದನ್ನು ನೆನಪಿಸುವವರು ಯಾರು? ಖಾಸಗಿ ನರ್ಸರಿಗೆ ಕಳಿಸುವವರು ಈ ಲೆಕ್ಕವನ್ನು ಮನೆಯಲ್ಲೇ ಇಡಿ. ತಾಯಿ ಕಾರ್ಡನ್ನು ಜೋಪಾನವಾಗಿಡಿ.