ನಿಮಗಿದು ಗೊತ್ತೇ? ಕಬ್ಬಿನ ನಾಡಿನ ಕೂದಲೆಳೆ ಲೆಕ್ಕ

■ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯ ಹಳೆಯ ಫಿಟ್ಟರುಗಳೂ ಬಡಿಗರೂ ಇಂದಿಗೂ ‘ಸೂತ’ದ ಲೆಕ್ಕದಲ್ಲಿ ಮಾತಾಡುತ್ತಾರೆ. ಎಂಟು ಸೂತಕ್ಕೆ ಒಂದು ಇಂಚು. ಅಂದರೆ ಒಂದು ಸೂತ 3.175 ಮಿ.ಮೀ. ಅವರ ಶೆಡ್ಡಿನಲ್ಲೇ ಲೇಥಿಗೆ ಅಂಟಿ ನಿಂತ ಡಯಲ್ ಇಂಡಿಕೇಟರ್ ಎಂಬ ಅಳತೆಯ ಉಪಕರಣ ಆ ಒಂದು ಸೂತವನ್ನು 300ಕ್ಕೂ ಹೆಚ್ಚು ಹೋಳು ಮಾಡಿ ತೋರಿಸಬಲ್ಲದು. 0.001 ಮಿ.ಮೀ. ತೋರಿಸುವ ಡಿಜಿಟಲ್ ಡಯಲ್ ಆದರೆ 3,000ಕ್ಕೂ ಹೆಚ್ಚು!

■ ಮುಳ್ಳಿನ ಡಯಲ್‌ನ ಪ್ಲಂಜರ್ (ಕೆಳಗೆ ಚಾಚಿದ ಕಡ್ಡಿ) 1 ಮಿ.ಮೀ. ಒಳಗೆ ಸರಿದರೆ ದೊಡ್ಡ ಮುಳ್ಳು ಒಂದು ಪೂರ್ತಿ ಸುತ್ತು ಬರುತ್ತದೆ. ಸುತ್ತಿಗೆ 100 ಗೆರೆ, ಒಂದು ಗೆರೆಗೆ 0.01 ಮಿ.ಮೀ. ಝೆರಾಕ್ಸ್ ಅಂಗಡಿಯ ಒಂದು ಹಾಳೆಯನ್ನು ಅದರ ಕೆಳಗೆ ತೂರಿಸಿ ನೋಡಿ, ಮುಳ್ಳು ಸುಮಾರು ಹತ್ತು ಗೆರೆ ಜಿಗಿಯುತ್ತದೆ.

■ ಈ ಉಪಕರಣದ ಹೊಟ್ಟೆಯೊಳಗೆ ಇರುವುದು ಗಡಿಯಾರದಂಥ ಹಲ್ಲಿನ ಗಾಲಿಗಳು. ಡಯಲ್ ಇಂಡಿಕೇಟರಿಗೆ 1883ರಲ್ಲಿ ಪೇಟೆಂಟ್ ಅರ್ಜಿ ಹಾಕಿದ ಜಾನ್ ಲೋಗನ್ ಅಮೆರಿಕದ ವಾಲ್ಥಮ್‌ನವನು. ಆ ಊರು ಹೆಸರಾದದ್ದೇ ಗಡಿಯಾರಗಳಿಂದ.

■ ಹೆಚ್ಚಿನ ಡಿಜಿಟಲ್ ಡಯಲ್‌ಗಳಲ್ಲಿ ಈ ಗಾಲಿಗಳಿಲ್ಲ. ಪ್ಲಂಜರ್ ಜೊತೆ ಸರಿಯುವ ಒಂದು ಪಟ್ಟಿ, ಅದರೆದುರು ಅಲುಗದ ಇನ್ನೊಂದು ಪಟ್ಟಿ. ಒಂದು ಸರಿದಂತೆಲ್ಲ ಎರಡರ ನಡುವಿನ ವಿದ್ಯುತ್ ಧಾರಕತೆ ಬದಲಾಗುತ್ತದೆ. ಆ ಬದಲಾವಣೆಯನ್ನೇ ಓದಿ ಪರದೆಯ ಮೇಲೆ ಅಂಕಿ ಮೂಡುತ್ತದೆ. ಆದ್ದರಿಂದಲೇ ಒಳಗೆ ಕೂಲಂಟ್ ನೀರು ನುಗ್ಗಿದರೆ, ಬ್ಯಾಟರಿ ಸೋತರೆ ಅಂಕಿಗಳು ಸುಮ್ಮಸುಮ್ಮನೆ ಕುಣಿಯತೊಡಗುತ್ತವೆ. ತಪ್ಪು ಅಳೆಯುತ್ತಿರುವ ಜಾಬಿನದಲ್ಲ.

■ ಪರದೆ 0.001 ತೋರಿಸಿತು ಎಂದರೆ ಅಳತೆ 0.001ರಷ್ಟು ಖರೆ ಎಂದು ಅರ್ಥವಲ್ಲ. ಎಷ್ಟು ಸಣ್ಣ ಅಂಕಿ ಕಾಣುತ್ತದೆ ಎನ್ನುವುದು ಒಂದು, ಆ ಅಂಕಿ ಎಷ್ಟು ನಂಬಿಕೆಯದು ಎನ್ನುವುದು ಬೇರೆಯೇ ಒಂದು. ಡಯಲ್ ಕೊಳ್ಳುವಾಗ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಎರಡನ್ನೂ ಓದಬೇಕು. ಅಂಗಡಿಯಲ್ಲಿ ಮೊದಲನೆಯದನ್ನು ಮಾತ್ರ ಹೇಳುತ್ತಾರೆ.

■ “ಡಯಲ್ ಹಚ್ಚಿ ನೋಡೋ, ಜಾಬ್ ಎಷ್ಟ್ ಔಟ್ ಐತಿ?” ಇದು ನಮ್ಮ ಕಡೆ ಪ್ರತಿ ಲೇಥ್ ಶೆಡ್ಡಿನಲ್ಲಿ ಕೇಳುವ ಮಾತು. ನಾಲ್ಕು ಜಾ ಚಕ್‌ಗೆ ಜಾಬ್ ಕಚ್ಚಿಸಿ ಒಂದು ಸುತ್ತು ತಿರುಗಿಸಿದಾಗ ಡಯಲ್ 0.40 ಮಿ.ಮೀ. ವ್ಯತ್ಯಾಸ ತೋರಿಸಿದರೆ ಜಾಬ್ ಸೆಂಟರ್ ಬಿಟ್ಟು ಸರಿದಿರುವುದು 0.40 ಅಲ್ಲ, ಅದರ ಅರ್ಧ: 0.20 ಮಾತ್ರ. ಒಂದು ಬದಿ ಹತ್ತಿರ ಬಂದಷ್ಟೇ ಎದುರು ಬದಿ ದೂರ ಹೋಗುವುದರಿಂದ ಡಯಲ್ ಎರಡನ್ನೂ ಕೂಡಿಸಿ ಹೇಳುತ್ತದೆ. ಹೊಸ ಹುಡುಗರು ಪೂರ್ತಿ 0.40 ತಳ್ಳಿಬಿಡುತ್ತಾರೆ, ಜಾಬ್ ಆಚೆ ಬದಿಗೆ ಅಷ್ಟೇ ಔಟ್ ಆಗುತ್ತದೆ. ಈ ಒಂದು ಪಾಠವನ್ನು ಐಟಿಐ ಟರ್ನರ್ ತರಗತಿಯ ಮೊದಲ ವಾರದಲ್ಲೇ ಗೋಡೆಯ ಮೇಲೆ ಬರೆಸಬೇಕು.

■ ಹಾಗಾದರೆ ಡಿಜಿಟಲ್ ಬಂದಮೇಲೆ ಮುಳ್ಳಿನದು ಬೇಡವೇ? ಬೇಕು. ತಿರುಗುವ ಜಾಬಿನ ಮೇಲೆ ಮುಳ್ಳು ಎತ್ತ ತೂಗುತ್ತಿದೆ, ಎಲ್ಲಿ ತಿರುಗಿ ಬಂತು ಎಂದು ಕಣ್ಣಿಗೆ ಒಮ್ಮೆಗೇ ತಿಳಿಯುತ್ತದೆ. ಅಂಕಿಗಳಾದರೆ ಮಿಂಚಿ ಹೋಗುತ್ತವೆ. ನಿಂತ ಅಳತೆಗೆ, ಬೇಕೆಂದಲ್ಲಿ ಸೊನ್ನೆ ಮಾಡಿಕೊಳ್ಳಲು, ಇಂಚು-ಮಿಲಿಮೀಟರ್ ಬದಲಿಸಲು, ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿ ಹಿಡಿದಿಡಲು ಡಿಜಿಟಲ್ ಮೇಲು. ನನ್ನ ಮತ ಕೇಳಿದರೆ ಒಂದು ಶೆಡ್ಡಿನಲ್ಲಿ ಎರಡೂ ಇರಬೇಕು.

■ ಪ್ಲಂಜರ್ ಸೊಟ್ಟಗೆ ನಿಂತರೆ ಡಯಲ್ ಹೆಚ್ಚು ಹೇಳುತ್ತದೆ. 10 ಡಿಗ್ರಿ ವಾಲಿದರೆ ಶೇ. 1.5, 20 ಡಿಗ್ರಿ ವಾಲಿದರೆ ಶೇ. 6ಕ್ಕೂ ಮಿಕ್ಕಿ. ಉಪಕರಣ ಎಷ್ಟೇ ತುಟ್ಟಿಯದಿರಲಿ, ಈ ತಪ್ಪು ತಪ್ಪಿದ್ದಲ್ಲ. ಸಣ್ಣ ಕಡ್ಡಿಯ ತುದಿ ತೂಗುವ ‘ಪಪ್ಪಿ ಡಯಲ್’ಗೂ ಇದೇ ನಿಯಮ.

■ ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಊರುಗಳಿಗೆ ಮಳೆಗಾಲದ ಒಂದು ಕೆಲಸ ಗೊತ್ತೇ ಇದೆ. ಹೊಳೆ ಏರುವ ಮುನ್ನ ಮೋಟಾರು, ಪಂಪು ಬಿಚ್ಚಿ ದಡದ ಮೇಲೆ ಸಾಗಿಸುವುದು, ನೀರು ಇಳಿದ ಮೇಲೆ ಮತ್ತೆ ಕೂಡಿಸುವುದು. 2019ರ ಆಗಸ್ಟ್‌ನಲ್ಲಿ ಹೊಳೆ ಊರೊಳಗೇ ಬಂದದ್ದನ್ನು ರಾಯಬಾಗ, ಅಥಣಿ, ಕಾಗವಾಡದ ರೈತರು ಮರೆಯುವಂತಿಲ್ಲ. ಮೋಟಾರು ಪಂಪು ಒಂದೇ ಶಾಫ್ಟಿನ ಮೇಲಿರುವ ಮೋನೊಬ್ಲಾಕ್‌ಗೆ ಮತ್ತೆ ಕೂಡಿಸುವಾಗ ಗೆರೆ ತಪ್ಪುವ ಚಿಂತೆ ಇಲ್ಲ. ಏತ ನೀರಾವರಿಯ ದೊಡ್ಡ ಪಂಪುಗಳಲ್ಲಿ ಮೋಟಾರಿನ ಶಾಫ್ಟಿಗೂ ಪಂಪಿನ ಶಾಫ್ಟಿಗೂ ನಡುವೆ ಕಪ್ಲಿಂಗ್ ಇರುತ್ತದೆ. ಎರಡೂ ಒಂದೇ ಗೆರೆಗೆ ಕೂಡದಿದ್ದರೆ ಬೇರಿಂಗ್ ಬಿಸಿಯೇರುತ್ತದೆ, ಕಪ್ಲಿಂಗಿನ ರಬ್ಬರ್ ಪುಡಿಯಾಗುತ್ತದೆ, ಗ್ಲ್ಯಾಂಡಿನಿಂದ ನೀರು ಸೋರುತ್ತದೆ.

ಸ್ಕೇಲು ಅಡ್ಡ ಹಿಡಿದು ಕಣ್ಣಂದಾಜಿನಲ್ಲಿ ಕೂಡಿಸುವುದು ನಮ್ಮ ರೂಢಿ. 1440 ಆರ್‌ಪಿಎಂ ಮೋಟಾರು ಹತ್ತು ತಾಸಿನಲ್ಲಿ 8,64,000 ಸುತ್ತು ತಿರುಗುತ್ತದೆ. ಕಣ್ಣಿಗೆ ಕಾಣದ ಆ ಸೊಟ್ಟ ಅಷ್ಟೂ ಸಲ ಬೇರಿಂಗನ್ನು ಗುದ್ದುತ್ತದೆ.

■ ಡಯಲ್ ಹಚ್ಚುವುದು ಹೀಗೆ. ಸ್ಟ್ಯಾಂಡನ್ನು ಮೋಟಾರಿನ ಬದಿಯ ಕಪ್ಲಿಂಗಿಗೆ ಬಿಗಿದು, ಪ್ಲಂಜರನ್ನು ಪಂಪಿನ ಬದಿಯ ಕಪ್ಲಿಂಗಿನ ಅಂಚಿಗೆ ತಾಗಿಸಿ, ಮೇಲೆ ಸೊನ್ನೆ ಮಾಡಿ, ಎರಡನ್ನೂ ಒಟ್ಟಿಗೆ ಕಾಲುಕಾಲು ಸುತ್ತು ತಿರುಗಿಸಿ ಬರೆದುಕೊಳ್ಳಬೇಕು. ಎಡಕ್ಕೆ 0.12, ಬಲಕ್ಕೆ 0.20 ಬಂದರೆ ಕೆಳಗೆ 0.32ರ ಹತ್ತಿರ ಬರಲೇಬೇಕು. ಬಾರದಿದ್ದರೆ ಸ್ಟ್ಯಾಂಡ್ ಅಲುಗಿದೆ ಅಥವಾ ಓದಿದ್ದು ತಪ್ಪಿದೆ, ಮೊದಲಿನಿಂದ ಮಾಡಿ. ಎಡ ಬಲ ಕೂಡಿಸಿದರೆ ಕೆಳಗಿನದು ಸಿಗಬೇಕು. ಇಷ್ಟು ಸರಳ ತಾಳೆಯನ್ನು ನೋಡದೆಯೇ ಕಾಲಡಿಗೆ ಶಿಮ್ (ತೆಳು ತಗಡು) ಹಾಕುವವರು ಬಹಳ. ಇಲ್ಲಿ ಎತ್ತರದ ವ್ಯತ್ಯಾಸ 0.32ರ ಅರ್ಧ, 0.16. ಅಡ್ಡ ವ್ಯತ್ಯಾಸ 0.20ರಲ್ಲಿ 0.12 ಕಳೆದು ಅರ್ಧ ಮಾಡಿದರೆ 0.04. ಇನ್ನು ಕಪ್ಲಿಂಗಿನ ಮುಖದ ಮೇಲೂ ಡಯಲ್ ಹಚ್ಚಿದರೆ ಶಾಫ್ಟ್ ಓರೆಯಾಗಿದೆಯೇ ಎಂಬುದೂ ತಿಳಿಯುತ್ತದೆ.

■ ಅದಕ್ಕೂ ಮೊದಲಿನ ಕೆಲಸವೊಂದಿದೆ. ಮೋಟಾರಿನ ನಾಲ್ಕು ಕಾಲುಗಳ ಬೋಲ್ಟನ್ನು ಒಂದೊಂದಾಗಿ ಸಡಿಲಿಸಿ, ಆ ಕಾಲಿನ ಮೇಲೆ ಡಯಲ್ ಇಟ್ಟು ನೋಡಿ. 0.05 ಮಿ.ಮೀ.ಗಿಂತ ಹೆಚ್ಚು ಮೇಲೆದ್ದರೆ ಆ ಕಾಲು ನೆಲಕ್ಕೆ ಕೂತೇ ಇಲ್ಲ, ಬೋಲ್ಟು ಅದನ್ನು ಬಲವಂತವಾಗಿ ಎಳೆದು ಹಿಡಿದಿದೆ ಅಷ್ಟೇ. ಅಲ್ಲಿಗೆ ಶಿಮ್ ಕೊಡಬೇಕು. ಎರಡು ನಿಮಿಷದ ಈ ಕೆಲಸ ಬಿಟ್ಟು ದಿನವಿಡೀ ಕಪ್ಲಿಂಗ್ ಕೂಡಿಸಿದರೂ ಕೂಡುವುದಿಲ್ಲ.

■ ಕಾಗವಾಡ ತಾಲೂಕಿನ ಉಗಾರ ಖುರ್ದದ ಸಕ್ಕರೆ ಕಾರ್ಖಾನೆ 1939ರದು. ಚಿಕ್ಕೋಡಿಯಲ್ಲಿ ದೂಧಗಂಗಾ ಕೃಷ್ಣಾ, ನಿಪ್ಪಾಣಿಯಲ್ಲಿ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆ. ಅಥಣಿ, ರಾಯಬಾಗದಲ್ಲಿ ಇನ್ನೂ ಹಲವು. ನುರಿಸುವ ಹಂಗಾಮು ಮುಗಿದರೆ ಕಾರ್ಖಾನೆಗೆ ರಜೆ ಎಂದು ಊರವರು ತಿಳಿಯುತ್ತಾರೆ. ಫಿಟ್ಟರುಗಳಿಗೆ ಆಗಲೇ ಕೆಲಸದ ಭರಾಟೆ. ಕಬ್ಬು ಹಿಂಡಿ ಸವೆದ ರೋಲರುಗಳನ್ನು ದೊಡ್ಡ ಲೇಥಿಗೆ ಏರಿಸಿ, ತೋಡುಗಳನ್ನು ಮತ್ತೆ ಕೊರೆದು, ಶಾಫ್ಟಿನ ಮೇಲೆ ಡಯಲ್ ಓಡಿಸಿ ನೋಡಿ ಬೇರಿಂಗಿಗೆ ಇಳಿಸಬೇಕು.

■ ಆ ರೋಲರಿನ ಬೀಡಿನ ಚಿಪ್ಪನ್ನು ಉಕ್ಕಿನ ಶಾಫ್ಟಿಗೆ ಹಿಡಿದಿಟ್ಟಿರುವುದು ಬಿಸಿಯ ಆಟ. ಚಿಪ್ಪಿನ ತೂತನ್ನು ಶಾಫ್ಟಿಗಿಂತ ಒಂದಿಷ್ಟು ಸಣ್ಣದಾಗಿ ಕೊರೆದು, ಕಾಯಿಸಿ ಹಿಗ್ಗಿಸಿ ಏರಿಸುತ್ತಾರೆ. ಆರಿದಾಗ ಅದು ಕಚ್ಚಿಕೊಳ್ಳುತ್ತದೆ. 500 ಮಿ.ಮೀ. ತೂತು 150 ಡಿಗ್ರಿ ಬಿಸಿಯೇರಿದರೆ ಸುಮಾರು 0.8 ಮಿ.ಮೀ. ಹಿಗ್ಗುತ್ತದೆ. ಟನ್ನುಗಟ್ಟಲೆ ಒತ್ತಡದಲ್ಲಿ ಕಬ್ಬು ಹಿಂಡುವ ರೋಲರಿನ ಹಿಡಿತವೆಲ್ಲ ನಿಂತಿರುವುದು ಒಂದು ಮಿಲಿಮೀಟರ್ ಕೂಡ ಇಲ್ಲದ ಈ ವ್ಯತ್ಯಾಸದ ಮೇಲೆ.

■ ಜಗತ್ತಿನಲ್ಲಿ ಅಳತೆಗೆಲ್ಲ ಒಪ್ಪಿದ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಅಥಣಿಯ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ 40 ಡಿಗ್ರಿ. 300 ಮಿ.ಮೀ. ಉಕ್ಕಿನ ಜಾಬ್ ಅಷ್ಟಕ್ಕೇ ಸುಮಾರು 0.07 ಮಿ.ಮೀ. ಉದ್ದವಾಗುತ್ತದೆ. ಜಾಬೂ ಮೈಕ್ರೋಮೀಟರೂ ಎರಡೂ ಉಕ್ಕು, ಎರಡೂ ಒಂದೇ ಬಿಸಿಯಲ್ಲಿದ್ದರೆ ತಪ್ಪು ಬಹುಪಾಲು ಕಳೆದುಹೋಗುತ್ತದೆ. ಲೇಥಿನಿಂದ ಆಗಷ್ಟೇ ಇಳಿದ ಬಿಸಿ ಜಾಬನ್ನು ತಣ್ಣನೆಯ ಉಪಕರಣದಿಂದ ಅಳೆದರೆ ಮಾತ್ರ ಮೋಸ. ಅಲ್ಯೂಮಿನಿಯಂ ಹಿಗ್ಗುವುದು ಉಕ್ಕಿನ ಎರಡರಷ್ಟು.

■ ಕಬ್ಬಿನ ಟ್ರಾಲಿ ಎಳೆಯುವ ಟ್ರ್ಯಾಕ್ಟರಿನ ಎಂಜಿನ್ ಹೊಗೆ ಬಿಟ್ಟರೆ ಸಿಲಿಂಡರಿನೊಳಗೆ ಬೋರ್ ಗೇಜ್ ಇಳಿಸುತ್ತಾರೆ. ಅದರ ತಲೆಯ ಮೇಲೂ ಇರುವುದು ಡಯಲ್ಲೇ. ಗೇಜನ್ನು ಹಿಂದೆ ಮುಂದೆ ತೂಗಿ, ಅತಿ ಸಣ್ಣ ಅಳತೆ ಬಂದ ಜಾಗವನ್ನೇ ಓದಬೇಕು. ಬೋರ್ ಹೆಚ್ಚು ಸವೆಯುವುದು ರಿಂಗ್ ತಿರುಗಿ ಬರುವ ಮೇಲ್ತುದಿಯಲ್ಲಿ.

■ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮಿರಜದ ಆಚೆ ಕಿರ್ಲೋಸ್ಕರವಾಡಿ ಎದ್ದದ್ದು 1910ರಲ್ಲಿ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇಥುಗಳನ್ನೇ ಮಾಡಿತು.

■ ನಿಪ್ಪಾಣಿಯಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ ಸಂಕೇಶ್ವರ ದಾಟಿದರೆ ಹತ್ತರಗಿ. ಅಲ್ಲಿನ ಏಕಸ್ ಕಂಪನಿಯ ಕೈಗಾರಿಕಾ ವಲಯದಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಸೂತದ ಲೆಕ್ಕದ ಊರಿಗೂ ಮೈಕ್ರಾನಿನ ಲೆಕ್ಕದ ಊರಿಗೂ ಬಸ್ಸಿನಲ್ಲಿ ಒಂದು ತಾಸಿನ ದಾರಿಯೂ ಇಲ್ಲ.

■ ಪ್ಲಂಜರಿಗೆ ಎಣ್ಣೆ ಹಾಕಬೇಡಿ. ಎಣ್ಣೆಗೆ ಧೂಳು ಹಿಡಿದು ಅದು ಸಿಕ್ಕಿಕೊಳ್ಳುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಬೆಳಿಗ್ಗೆ ಕೆಲಸಕ್ಕೆ ಮುನ್ನ ಪ್ಲಂಜರನ್ನು ಮೆಲ್ಲಗೆ ಎತ್ತಿ ಐದಾರು ಸಲ ಬಿಡಿ. ಪ್ರತಿ ಸಲ ಅದೇ ಅಂಕಿಗೆ ಬಂದರೆ ಪ್ಲಂಜರ್ ಸಿಕ್ಕಿಕೊಳ್ಳುತ್ತಿಲ್ಲ ಎಂದರ್ಥ.

■ ಈ ಸಲ ಹೊಳೆ ಇಳಿದು ಪಂಪು ಮತ್ತೆ ಕೂಡಿಸುವಾಗ ಫಿಟ್ಟರಿಗೆ ಒಂದು ಮಾತು ಹೇಳಿ: “ಅಣ್ಣಾ, ಸ್ಕೇಲ್ ಬ್ಯಾಡ, ಡಯಲ್ ಹಚ್ಚಿ ನೋಡ್ರಿ.” ಕೊನೆಗೆ ಬಂದ ನಾಲ್ಕು ಅಂಕಿಗಳನ್ನು ಪಂಪ್ ಹೌಸಿನ ಗೋಡೆಯ ಮೇಲೆ ತಾರೀಖು ಸಮೇತ ಬರೆಸಿಡಿ.