ಮಕ್ಕಳ ವೀಸಾ, ಅಂಗಡಿಯ ಬಂಡವಾಳ

ಯಾದಗಿರಿ, ಶಹಾಪುರ, ಸುರಪುರಗಳ ವರ್ತಕರ ಮಕ್ಕಳು ಬ್ರಿಟನ್ನಿಗೆ ವ್ಯಾಸಂಗಕ್ಕೆ ಹೊರಟಾಗ ಪಾಸ್‌ಪೋರ್ಟಿಗೆ ಕಲಬುರಗಿ, ವೀಸಾ ಬೆರಳಚ್ಚಿಗೆ ಬೆಂಗಳೂರು ಇಲ್ಲವೆ ಹೈದರಾಬಾದ್ ಎಂದು ಓಡಾಟ ಆರಂಭವಾಗುತ್ತದೆ. ಓಡಾಟಕ್ಕಿಂತ ಕಠಿಣವಾದುದು ಹಣದ ಲೆಕ್ಕ.

ಬಾಕಿ ಶುಲ್ಕ ಹಾಗೂ ಗರಿಷ್ಠ 9 ತಿಂಗಳ ಜೀವನವೆಚ್ಚದ ಮೊತ್ತವು ವಿದ್ಯಾರ್ಥಿಯ ಅಥವಾ ಹೆತ್ತವರ ಖಾತೆಯಲ್ಲಿ ಸತತ 28 ದಿನ ಇರಬೇಕು. ಒಂದು ದಿನ ಕಡಿಮೆಯಾದರೂ ಅರ್ಜಿ ತಿರಸ್ಕೃತವಾಗಬಹುದು. ಜನವರಿಯಲ್ಲಿ ತರಗತಿ ಸೇರುವವರಿಗೆ ಈ ಅವಧಿ ಬರುವುದು ಸಾಮಾನ್ಯವಾಗಿ ನವೆಂಬರ್, ಡಿಸೆಂಬರ್‌ನಲ್ಲಿ. ಹತ್ತಿ, ತೊಗರಿಯ ಆವಕ ಏರಿ ರೈತರಿಗೆ ರೊಕ್ಕ ಎಣಿಸಬೇಕಾದ ಕಾಲವೂ ಅದೇ. ಖರೀದಿಗೆಂದು ಎರಡೇ ದಿನ ತೆಗೆದ ಹಣವೂ ಮಕ್ಕಳ ವರ್ಷವನ್ನು ಕಸಿಯಬಲ್ಲದು.

ಅಲ್ಲಿ ದುಡಿದು ತುಂಬಿಕೊಳ್ಳಬಹುದೆಂಬ ಲೆಕ್ಕವೂ ಅಪಾಯಕಾರಿ. ಪದವಿ ವಿದ್ಯಾರ್ಥಿಗಳಿಗೆ ತರಗತಿಯ ಅವಧಿಯಲ್ಲಿ ವಾರಕ್ಕೆ 20 ಗಂಟೆಗಳ ಮಿತಿಯಿದೆ. ಮಿತಿ ಮೀರಿದರೆ, ಹಾಜರಾತಿ ತಪ್ಪಿದರೆ ವೀಸಾಕ್ಕೇ ಕುತ್ತು.

ಆದುದರಿಂದ ಶಿಕ್ಷಣದ ಹಣವನ್ನು ಸುಗ್ಗಿಗೆ ಮುನ್ನವೇ ಬೇರೆ ಖಾತೆಗೆ ವರ್ಗಾಯಿಸುವುದು ಲೇಸು. ಮಾನ್ಯ ಬ್ಯಾಂಕಿನ ಶಿಕ್ಷಣ ಸಾಲದ ಪತ್ರವಿದ್ದರೆ ಆ ಮೊತ್ತಕ್ಕೆ 28 ದಿನಗಳ ನಿಯಮ ಅನ್ವಯಿಸದು. ವಹಿವಾಟಿನ ಬಂಡವಾಳವೂ ಉಳಿಯುತ್ತದೆ. ನಿಗದಿತ ಹಣಕಾಸು ಸಂಸ್ಥೆಗಳ ಶಿಕ್ಷಣ ಸಾಲದಿಂದ ರವಾನಿಸಿದ ಹಣಕ್ಕೆ 2025ರ ಏಪ್ರಿಲ್ 1ರಿಂದ ಟಿಸಿಎಸ್ ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ರೂ. ಮೀರಿದ ಭಾಗಕ್ಕೆ ಅದು ಅನ್ವಯಿಸುತ್ತದೆ. ಆದರೆ ಅದು ನಷ್ಟವಲ್ಲ. ಆದಾಯ ತೆರಿಗೆ ವಿವರಣೆಯಲ್ಲಿ ಜಮಾ ಪಡೆಯಬಹುದು.

ಅಂಗಡಿಯ ಖಾತೆಗೂ ಮಕ್ಕಳ ಖಾತೆಗೂ ನಡುವೆ ಎಳೆದ ಗೆರೆಯೇ ಇಲ್ಲಿ ನಿಜವಾದ ಉಳಿತಾಯ.